ಅಡ್ವಾನ್ಸ್ ಕೊಟ್ಟರೆ ಜನ ನಿಲ್ಲುತ್ತಾರೆಯೇ?

ಕೆಲಸಕ್ಕೆ ಸೇರುವ ದಿನವೇ ದೋಸೆ ಭಟ್ಟರಿಗೋ ಸಪ್ಲೈಯರ್‌ಗೋ ಒಂದಿಷ್ಟು ಸಾವಿರ ಅಡ್ವಾನ್ಸ್ ಕೊಡುವುದು, ಅದನ್ನು ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಳ್ಳುವುದು, ತೀರುವವರೆಗೆ ಅವನು ಎಲ್ಲೂ ಹೋಗುವುದಿಲ್ಲ ಎಂದು ನೆಮ್ಮದಿಯಾಗಿರುವುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸಣ್ಣ ಹೋಟೆಲುಗಳಲ್ಲಿ ಕೆಲಸಗಾರರನ್ನು ಉಳಿಸಿಕೊಳ್ಳಲು ನಂಬಿಕೊಂಡು ಬಂದಿರುವ ಉಪಾಯ ಇದು. ಇದು ಸೋತು ಎಷ್ಟೋ ಕಾಲವಾಯಿತು. ಅಡ್ವಾನ್ಸ್ ಬಾಕಿ ಇರುವವನೇ ಹಬ್ಬಕ್ಕೆಂದು ಊರಿಗೆ ಹೋಗಿ ಫೋನ್ ಆಫ್ ಮಾಡಿಬಿಡುತ್ತಾನೆ. ಇಲ್ಲವೇ ಎದುರಿನ ಹೋಟೆಲಿನವರು ಹಳೇ ಬಾಕಿ ತೀರಿಸಿ, ಮೇಲೊಂದಿಷ್ಟು ಸೇರಿಸಿ, ಕರೆದುಕೊಂಡು ಹೋಗುತ್ತಾರೆ. ಆಗ ಸಾಲ ಒಂದು ಗಲ್ಲಾದಿಂದ ಇನ್ನೊಂದು ಗಲ್ಲಾಕ್ಕೆ ದಾಟುತ್ತದೆ ಅಷ್ಟೇ, ಅವನ ದಿನಚರಿ ಇದ್ದಂತೆಯೇ ಇರುತ್ತದೆ. ನನ್ನ ತಕರಾರು ಇರುವುದು ಆ ದಿನಚರಿಯ ಬಗ್ಗೆ.

ದೋಸೆ ಹಾಕುವವನ ಒಂದು ದಿನ ನೋಡಿ. ಬೆಳಗಿನ ಜಾವ ನಾಲ್ಕೂವರೆಗೆ ಒಲೆ ಹಚ್ಚಬೇಕು. ಕಾವಲಿ ಹದಕ್ಕೆ ಬರಬೇಕು, ನೀರು ಚಿಮುಕಿಸಿ ಪೊರಕೆಯಲ್ಲಿ ಒರೆಸಿ ಮೊದಲ ಎರಡು ದೋಸೆ ಹಾಕಿ ನೋಡಬೇಕು. ಆರು ಗಂಟೆಗೆ ಗಿರಾಕಿ. ಹನ್ನೊಂದರವರೆಗೆ ಆ ಬಿಸಿಯ ಮುಂದೆ ನಿಂತೇ ಇರಬೇಕು. ಮಧ್ಯಾಹ್ನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಪಕ್ಕ ಸ್ವಲ್ಪ ಒರಗಿ, ಮೂರೂವರೆಗೆ ಮತ್ತೆ ಒಲೆ. ರಾತ್ರಿ ಹತ್ತಕ್ಕೆ ಷಟರ್ ಎಳೆದ ಮೇಲೆ ಮರುದಿನದ ಹಿಟ್ಟು ರುಬ್ಬುವ ಕೆಲಸ. ಮಾಲೀಕರು ನಡುವಿನ ಬಿಡುವನ್ನು ಕಳೆದು ಕೆಲಸದ ಗಂಟೆ ಲೆಕ್ಕ ಹಾಕುತ್ತಾರೆ. ಆದರೆ ಆ ಬಿಡುವಿನಲ್ಲಿ ಅವನು ಮನೆಗೆ ಹೋಗಿ ಬರುವಂತಿಲ್ಲ, ಮಗುವನ್ನು ಶಾಲೆಯಿಂದ ಕರೆತರುವಂತಿಲ್ಲ. ಹಾಗಾಗಿ ಆ ಬಿಡುವೂ ಹೋಟೆಲಿಗೇ ಸೇರಿದ್ದು. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ಕೆಲಸ, ಬಿಡುವು ಎರಡೂ ಸೇರಿ ದಿನಕ್ಕೆ 12 ಗಂಟೆ ದಾಟಬಾರದು, ವಾರಕ್ಕೊಂದು ರಜೆ ಇರಲೇಬೇಕು ಎಂದು ಅದರಲ್ಲಿ ಸೇರಿಸಿದರು. ಆ ಎರಡು ಸಾಲನ್ನು ಪಾಲಿಸಿದ ಹೋಟೆಲಿನಲ್ಲಿ ಅಡ್ವಾನ್ಸಿನ ಮಾತೇ ಬರಲಾರದು ಎನ್ನುವಷ್ಟು ನಂಬಿಕೆ ನನಗಿದೆ.

ಅಡ್ವಾನ್ಸಿನಲ್ಲಿ ಇದಕ್ಕಿಂತ ಗಂಭೀರವಾದ ದೋಷವೊಂದಿದೆ. ಕಷ್ಟಕ್ಕೆ ಕೈಸಾಲ ಕೊಡುವುದು ಬೇರೆ, ಬಾಕಿ ತೀರುವವರೆಗೆ ಬೇರೆಲ್ಲೂ ದುಡಿಯಬಾರದು ಎಂದು ಕಟ್ಟಿಹಾಕುವುದು ಬೇರೆ. ಎರಡನೆಯದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿರುವ ಸಂಗತಿ. ಗುರುತಿನ ಚೀಟಿಯನ್ನೋ ಬ್ಯಾಂಕ್ ಪಾಸ್‌ಬುಕ್ಕನ್ನೋ ಕ್ಯಾಷ್ ಡ್ರಾಯರ್‌ನಲ್ಲಿ ಇಟ್ಟುಕೊಳ್ಳುವುದನ್ನು ಮಾಮೂಲು ಎಂದುಕೊಂಡವರು ಇದನ್ನು ಯೋಚಿಸಬೇಕು.

ಹಿಂದೆ ಅಡ್ವಾನ್ಸಿನ ಉಪಾಯ ನಡೆಯುತ್ತಿತ್ತು, ಯಾಕೆಂದರೆ ಹೋಗಲು ಬೇರೆ ಜಾಗ ಇರಲಿಲ್ಲ. ಈಗ ನಾಲ್ಕೂ ಊರುಗಳಲ್ಲಿ ಪರಿಸ್ಥಿತಿ ಬೇರೆ. ಕೋಲಾರದಿಂದ ಬೆಂಗಳೂರು ದಾರಿಯಲ್ಲಿ ನರಸಾಪುರ ಇದೆ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು, ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು, 2023ರಲ್ಲಿ ಅದು ಟಾಟಾ ಕೈಗೆ ಹೋಯಿತು. ಶಿಫ್ಟಿಗೆ ಬಸ್ ಬರುತ್ತದೆ, ಶಿಫ್ಟ್ ಮುಗಿದರೆ ಮನೆಗೆ ಬಿಡುತ್ತದೆ. ಮಾಲೂರಿನವನಿಗೆ ರೈಲಿದೆ, ವೈಟ್‌ಫೀಲ್ಡಿನಲ್ಲೋ ಕೆ.ಆರ್.ಪುರದಲ್ಲೋ ಇಳಿದು ಕೆಲಸ ಮಾಡಿ ರಾತ್ರಿ ಮನೆಗೆ ಬರಬಹುದು. ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂತೆಂದರೆ ಮಂಡಿಗಳಲ್ಲಿ ಹಣ್ಣು ಬೇರ್ಪಡಿಸುವ, ಕ್ರೇಟ್ ತುಂಬುವ, ಲಾರಿಗೆ ಲೋಡ್ ಮಾಡುವ ಕೂಲಿ ಅವತ್ತಿಗವತ್ತೇ ಕೈಗೆ ಬೀಳುತ್ತದೆ. ಆ ಒಂದೆರಡು ತಿಂಗಳು ತಟ್ಟೆ ಎತ್ತಲು ಯಾರು ನಿಲ್ಲುತ್ತಾರೆ?

ಕಾರ್ಖಾನೆಯೇ ಸ್ವರ್ಗ ಎಂದು ಹೇಳುತ್ತಿಲ್ಲ. 2020ರ ಡಿಸೆಂಬರ್ 12ರಂದು ಅದೇ ವಿಸ್ಟ್ರಾನ್ ಆವರಣದಲ್ಲಿ ಸಂಬಳದ ವಿಚಾರಕ್ಕೇ ಕಾರ್ಮಿಕರ ಸಿಟ್ಟು ಸ್ಫೋಟಿಸಿ ಗಾಜು, ಯಂತ್ರಗಳು ಪುಡಿಯಾದವು. ಬಟವಾಡೆ ಸರಿಯಿಲ್ಲದಿದ್ದರೆ ಎಷ್ಟು ದೊಡ್ಡ ಕಟ್ಟಡವಾದರೂ ಜನರನ್ನು ಹಿಡಿದಿಡಲಾರದು ಎನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಅದೇ ವರ್ಷದ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿಗೆ, ವಲಸೆ ಕಾರ್ಮಿಕರನ್ನು ಹೊತ್ತ ಶ್ರಮಿಕ ವಿಶೇಷ ರೈಲುಗಳು ಮಾಲೂರು ನಿಲ್ದಾಣದಿಂದ ಹೊರಟವು. ಉತ್ತರದಿಂದ, ಈಶಾನ್ಯದಿಂದ ಹುಡುಗರನ್ನು ಕರೆಸಿಕೊಂಡರೆ ಸಮಸ್ಯೆ ತೀರಿತು ಎಂದುಕೊಂಡಿದ್ದವರಿಗೆ ಆ ರೈಲುಗಳೇ ಉತ್ತರ ಕೊಟ್ಟವು. ಮಲಗಲು ನೆಟ್ಟಗೆ ಒಂದು ಕೋಣೆ ಇಲ್ಲದ ಕಡೆ ಕಷ್ಟಕಾಲದಲ್ಲಿ ಯಾರೂ ಉಳಿಯುವುದಿಲ್ಲ.

ಮುಳಬಾಗಿಲಿನ ನಷ್ಟ ಇನ್ನೊಂದು ತರಹದ್ದು. ಆ ಊರಿನ ಹೆಸರು ಹೊತ್ತ ದೋಸೆ ಬೆಂಗಳೂರಿನ ಬೀದಿಗಳಲ್ಲೆಲ್ಲ ಬೋರ್ಡಾಗಿದೆ. ದಪ್ಪಗೆ, ಒಳಗೆ ಮೆತ್ತಗೆ, ಅಂಚು ಗರಿಗರಿಯಾಗಿ ಬರಬೇಕಾದ ಆ ದೋಸೆಗೆ ಹಿಟ್ಟಿನ ಹುಳಿ ಎಷ್ಟು, ಕಾವಲಿಯ ಬಿಸಿ ಎಷ್ಟು ಎನ್ನುವುದು ಹಾಕುವವನ ಕೈಗೇ ಗೊತ್ತು, ಬರೆದಿಟ್ಟ ಅಳತೆ ಇಲ್ಲ. ಚಳಿಗಾಲದಲ್ಲಿ ಹಿಟ್ಟು ಎಷ್ಟು ಹೊತ್ತಿಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಕಲಿಯಲು ಒಂದು ವರ್ಷವಾದರೂ ಬೇಕು. ಅವನು ಬಿಟ್ಟು ಹೋದ ವಾರವೇ ಗಿರಾಕಿ 'ಕೈ ಬದಲಾಯಿತಾ?' ಎಂದು ಕೇಳುತ್ತಾನೆ. ತಿರುಪತಿ ಕಡೆ ಹೋಗುವ ಹೆದ್ದಾರಿಯ ಯಾತ್ರಿಕರು ಅಷ್ಟೂ ಕೇಳುವುದಿಲ್ಲ, ಮುಂದಿನ ಸಲ ಬೇರೆ ಕಡೆ ಗಾಡಿ ನಿಲ್ಲಿಸುತ್ತಾರೆ. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ಅದಕ್ಕೇ ಸಂಬಳ ಏರಿಸುವಾಗ ಕೈ ನಡುಗುತ್ತದೆ.

ಕನ್ನಡಿಗರ ಹೋಟೆಲ್ ಉದ್ಯಮಕ್ಕೆ ಜನರನ್ನು ಉಳಿಸಿಕೊಳ್ಳುವ ವಿದ್ಯೆ ಗೊತ್ತಿಲ್ಲದ್ದೇನಲ್ಲ. ಉಡುಪಿ ಹೋಟೆಲುಗಳಲ್ಲಿ ಒಂದು ಏಣಿ ಇತ್ತು: ಕ್ಲೀನರ್ ಆಗಿ ಸೇರಿದವನು ಸಪ್ಲೈಯರ್, ಆಮೇಲೆ ಗಲ್ಲಾ, ಕೊನೆಗೆ ಎಲ್ಲಾದರೂ ಸ್ವಂತದ್ದು. ಅಡುಗೆಮನೆಯ ಚಿಲ್ಲರೆ ಕೆಲಸದಿಂದ ಶುರುಮಾಡಿದ ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಆ ಕನಸಿನ ಬಲದಲ್ಲೇ ಎಷ್ಟೋ ಮಾಣಿಗಳು ಹದಿನೆಂಟು ಗಂಟೆಯ ದುಡಿತವನ್ನು ಸಹಿಸಿದರು. ಆ ವ್ಯವಸ್ಥೆಯನ್ನು ನಾನು ಹಾಡಿ ಹೊಗಳಲಾರೆ. ಮೇಲೇರಿದವರು ಕೆಲವರು, ಮಿಕ್ಕವರ ಬಾಲ್ಯ ತೊಟ್ಟಿಯ ಮುಂದೆಯೇ ಕಳೆಯಿತು. ಹೋಟೆಲು, ಢಾಬಾಗಳಲ್ಲಿ ಮಕ್ಕಳನ್ನು ದುಡಿಸಬಾರದು ಎಂದು ಕೇಂದ್ರ ಸರ್ಕಾರ 2006ರಲ್ಲಿ ನಿಷೇಧ ತಂದದ್ದು ಸರಿಯಾದ ಕೆಲಸ. ಆದರೆ ಹಳೆಯ ಏಣಿ ಹೋದ ಮೇಲೆ ಹೊಸದನ್ನು ಯಾರೂ ಕಟ್ಟಲಿಲ್ಲ. ಇಪ್ಪತ್ತರ ಹುಡುಗ ಇವತ್ತು ಸಪ್ಲೈಯರ್ ಆಗಿ ಸೇರಿದರೆ ಐದು ವರ್ಷದ ನಂತರ ಏನಾಗುತ್ತಾನೆ ಎಂದು ಕೇಳಿದರೆ ನಮ್ಮ ಮಾಲೀಕರ ಬಳಿ ಹೇಳಲು ಏನೂ ಇಲ್ಲ.

ಇನ್ನೊಂದು ಮಾದರಿ ಬೆಂಗಳೂರಿನದು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕಮ್ಯುನಿಸ್ಟ್ ನಾಯಕ ಎ.ಕೆ.ಗೋಪಾಲನ್ ಬೆಂಬಲದೊಂದಿಗೆ ನೌಕರರೇ 1957ರ ಆಗಸ್ಟ್‌ನಲ್ಲಿ ಸಹಕಾರ ಸಂಘ ಕಟ್ಟಿಕೊಂಡು ನಡೆಸತೊಡಗಿದರು. ಎಂ.ಜಿ.ರಸ್ತೆಯ ಜಾಗ 2009ರಲ್ಲಿ ಕೈಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂದರೂ ಇಂಡಿಯನ್ ಕಾಫಿ ಹೌಸ್ ಉಳಿದಿದೆ. ಪೇಟ ತೊಟ್ಟ ಅಲ್ಲಿನ ಬಡಿಸುವವರು ಅಲ್ಲೇ ವಯಸ್ಸಾದದ್ದನ್ನು ಗಿರಾಕಿಗಳು ಕಂಡಿದ್ದಾರೆ. ಎಲ್ಲ ಹೋಟೆಲುಗಳೂ ಸಹಕಾರ ಸಂಘವಾಗಲು ಆಗುವುದಿಲ್ಲ, ಬಾಡಿಗೆಯ ಮುಂದೆ ಆ ಮಾದರಿಯೂ ಸೊರಗಿದೆ. ಆದರೂ ಹೋಟೆಲಿನಲ್ಲಿ ಪಾಲಿದ್ದವನು ಹೋಟೆಲು ಬಿಟ್ಟು ಹೋಗುವುದಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಹಾಗಾದರೆ ಕೋಲಾರದ ಮೂವತ್ತು ಟೇಬಲ್ ಹೋಟೆಲ್ ಮಾಡಬಹುದಾದದ್ದೇನು? ನನ್ನ ಪ್ರಕಾರ ಮೊದಲು ದಿನವನ್ನು ಮುರಿಯಬೇಕು. ಬೆಳಗಿನ ತಂಡ ಎರಡು ಗಂಟೆಗೆ ಮನೆಗೆ, ಸಂಜೆಯ ತಂಡ ಎರಡಕ್ಕೆ ಕೆಲಸಕ್ಕೆ. ಖರ್ಚು ಹೆಚ್ಚುತ್ತದೆ ನಿಜ. ಆದರೆ ಇಡೀ ದಿನ ಕೊಡಲಾಗದ, ಅರ್ಧ ದಿನ ಕೊಡಬಲ್ಲ ಸ್ಥಳೀಯರು ಆಗ ಮುಂದೆ ಬರುತ್ತಾರೆ, ಅವರಿಗೆ ಊಟ ಕೊಟ್ಟರೆ ಸಾಕು, ಕೋಣೆ ಬೇಕಿಲ್ಲ. ಮುಖ್ಯವಾಗಿ ಹೆಂಗಸರು. ನರಸಾಪುರದ ಬಸ್ಸುಗಳಲ್ಲಿ ಕೋಲಾರ ಜಿಲ್ಲೆಯ ಹೆಣ್ಣುಮಕ್ಕಳು ದಿನವೂ ಶಿಫ್ಟಿಗೆ ಹೋಗುತ್ತಾರೆ. ಹೋಟೆಲುಗಳಲ್ಲಿ ಮಾತ್ರ ಅವರನ್ನು ಪಾತ್ರೆ ತೊಳೆಯಲು, ತರಕಾರಿ ಹೆಚ್ಚಲು ಹಿತ್ತಿಲಿಗೆ ಕೂರಿಸಿದ್ದೇವೆ. ಗಲ್ಲಾದಲ್ಲಿ, ಕಾವಲಿಯ ಮುಂದೆ, ಬಡಿಸುವ ಕಡೆ ಅವರನ್ನು ನಿಲ್ಲಿಸಲು ಬೇಕಾದದ್ದು ಬಟ್ಟೆ ಬದಲಿಸಲು ಒಂದು ಕೋಣೆ, ಒಂದು ಶೌಚಾಲಯ, ಕತ್ತಲಾಗುವ ಮುಂಚೆ ಮುಗಿಯುವ ಶಿಫ್ಟ್.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಹೇಗೂ ಕಟ್ಟಲೇಬೇಕು, ಮಾಲೀಕರ ಪಾಲು ಸಂಬಳದ ಶೇ 3.25. ಎಣ್ಣೆ ಸಿಡಿದು ಕೈ ಸುಟ್ಟುಕೊಂಡವನಿಗೆ ಆ ವಿಮೆಯ ಕಾರ್ಡು ಎಷ್ಟು ದೊಡ್ಡದು ಎಂಬುದನ್ನು ಅಡ್ವಾನ್ಸ್ ಕೊಡುವವರು ಯೋಚಿಸಲಿ. ಸಾಲ ಕೊಡುವುದೇ ಆದರೆ ಸೇರುವ ದಿನ ಬೇಡ, ಒಂದು ವರ್ಷ ದುಡಿದವನಿಗೆ ಮನೆಯ ಮದುವೆಗೋ ಮಗಳ ಫೀಸಿಗೋ ಕೊಡಿ, ಚೀಟಿಯಲ್ಲಿ ಬರೆದು ಕೊಡಿ, ಬಿಟ್ಟು ಹೋಗುವುದಾದರೆ ಹೋಗಲು ಬಿಡಿ.