ಮರಳಿ ಕಡಲಿಗೆ: ಸ್ಲೋಕಂನ ಏಕಾಕಿ ಯಾನ

ಸಾಹಸಕಥನಗಳಲ್ಲಿ ಎರಡು ಬಗೆಯುಂಟು. ಕಾಣದುದನ್ನು ಕಾಣಲು ಹೊರಟವನ ಕಥೆ ಒಂದು. ಕಳೆದುಕೊಂಡುದನ್ನು ಮತ್ತೆ ಪಡೆಯಲು ಹೊರಟವನ ಕಥೆ ಇನ್ನೊಂದು. ಜೋಶುವ ಸ್ಲೋಕಂ ಎಂಬ ಅಮೆರಿಕದ ನಾವಿಕನು ರಚಿಸಿ, 1900ರಲ್ಲಿ ಪುಸ್ತಕರೂಪವನ್ನು ತಳೆದ ‘ಸೇಲಿಂಗ್ ಅಲೋನ್ ಅರೌಂಡ್ ದಿ ವರ್ಲ್ಡ್’ ಎಂಬ ಗ್ರಂಥವನ್ನು ಮೊದಲನೆಯ ಬಗೆಗೆ ಸೇರಿಸುವುದು ವಾಡಿಕೆ. ಏಕಾಕಿಯಾಗಿ ಹಾಯಿದೋಣಿಯಲ್ಲಿ ಭೂಮಂಡಲವನ್ನು ಸುತ್ತಿ ಬಂದವರಲ್ಲಿ ಆತನೇ ಮೊದಲಿಗನಾದುದರಿಂದ ಈ ವಾಡಿಕೆ ಸಹಜವೇ ಸರಿ. ಆದರೆ ಗ್ರಂಥವನ್ನು ಸಾವಧಾನದಿಂದ ಓದಿದವರಿಗೆ ಅದರ ಜೀವವು ಎರಡನೆಯ ಬಗೆಯಲ್ಲಿರುವುದು ವೇದ್ಯವಾಗದಿರದು.

1844ರಲ್ಲಿ ನೋವಾ ಸ್ಕೋಷಿಯದಲ್ಲಿ ಹುಟ್ಟಿದ ಸ್ಲೋಕಂ ದೊಡ್ಡ ಹಾಯಿಹಡಗುಗಳ ಕಪ್ತಾನನಾಗಿ ಬಾಳಿದವನು. 1884ರಲ್ಲಿ ಆತನ ಪತ್ನಿ ವರ್ಜೀನಿಯಾ ತೀರಿಕೊಂಡಳು. 1887ರಲ್ಲಿ ಆತನ ಸ್ವಂತ ಹಡಗು ಬ್ರೆಜಿಲ್ಲಿನ ತೀರದಲ್ಲಿ ಒಡೆಯಿತು. ತನ್ನ ಕೈಯಿಂದಲೇ ಕಟ್ಟಿದ ದೋಣಿಯೊಂದರಲ್ಲಿ, ಎರಡನೆಯ ಪತ್ನಿಯೊಡನೆಯೂ ಇಬ್ಬರು ಮಕ್ಕಳೊಡನೆಯೂ ಆತನು 1888ರಲ್ಲಿ ಅಮೆರಿಕಕ್ಕೆ ಮರಳಿದನು. ಅಷ್ಟರಲ್ಲಿ ಕಡಲು ಉಗಿಹಡಗಿನ ವಶವಾಗಿತ್ತು. ಹಾಯಿಯ ವಿದ್ಯೆಯನ್ನು ಪೂರ್ಣವಾಗಿ ಬಲ್ಲವನಿಗೆ ಆ ವಿದ್ಯೆಯಿಂದ ಅನ್ನ ಹುಟ್ಟದಂತಾಯಿತು. 1892ರಲ್ಲಿ ತಿಮಿಂಗಿಲಬೇಟೆಯ ಹಳೆಯ ಕಪ್ತಾನನೊಬ್ಬನು ಫೇರ್‌ಹೇವನ್ ಊರಿನಲ್ಲಿ ಹೊಲದ ನಡುವೆ ಬಿದ್ದಿದ್ದ ‘ಸ್ಪ್ರೇ’ ಎಂಬ ಜೀರ್ಣ ದೋಣಿಯನ್ನು ಆತನಿಗೆ ಕೊಟ್ಟನು. ಹದಿಮೂರು ತಿಂಗಳ ದುಡಿಮೆ, 553 ಡಾಲರು 62 ಸೆಂಟುಗಳ ವೆಚ್ಚ — ಇಷ್ಟರಿಂದ 36 ಅಡಿ 9 ಅಂಗುಲದ ಆ ದೋಣಿ ಮತ್ತೆ ನೀರಿಗಿಳಿಯಿತು.

ಈ ದುರಸ್ತಿಯನ್ನು ವರ್ಣಿಸುವ ಮೊದಲ ಅಧ್ಯಾಯವೇ ಗ್ರಂಥದ ಕೀಲಿಕೈ. ಹಳೆಯ ಹಲಗೆಯನ್ನು ತೆಗೆದಲ್ಲಿ ಹೊಸ ಹಲಗೆ ಸೇರುತ್ತ ಹೋಗುತ್ತದೆ. ಹಳೆಯ ದೋಣಿ ಎಲ್ಲಿ ಸತ್ತಿತು, ಹೊಸದು ಎಲ್ಲಿ ಹುಟ್ಟಿತು ಎಂಬುದನ್ನು ಹೇಳುವುದು ಕಷ್ಟವೆಂದು ಲೇಖಕನು ಬಗೆಯುತ್ತಾನೆ. ಇಲ್ಲಿ ವಾಚ್ಯಾರ್ಥವು ದೋಣಿಗೆ ಸೇರಿದ್ದು; ಧ್ವನಿಯು ಮನುಷ್ಯನಿಗೆ ಸೇರಿದ್ದು. ಪತ್ನಿಯ ಮರಣವನ್ನು ಗ್ರಂಥವು ವಿಸ್ತರಿಸುವುದಿಲ್ಲ. ದಡದ ಮೇಲಿನ ವರ್ಷಗಳ ಕಹಿಯನ್ನು ಕೆಲವೇ ಮಾತುಗಳಲ್ಲಿ ದಾಟಿಬಿಡುತ್ತದೆ. ಶೋಕವನ್ನು ಹೆಸರಿಸದೆ ಶೋಕವನ್ನು ಮುಟ್ಟಿಸುವ ಈ ಸಂಯಮವನ್ನು ನಮ್ಮ ಆಲಂಕಾರಿಕರು ಮೆಚ್ಚದೆ ಇರುತ್ತಿರಲಿಲ್ಲ.

ಸ್ಲೋಕಂ 1895ರ ಏಪ್ರಿಲ್ 24ರಂದು ಬಾಸ್ಟನ್ನಿನಿಂದ ಹೊರಟನು. ಆಗ ಆತನಿಗೆ 51 ವರ್ಷ. ಅಟ್ಲಾಂಟಿಕ್ಕಿನ ಮಂಜಿನಲ್ಲಿ ಒಬ್ಬನೇ ಸಿಕ್ಕಿಕೊಂಡಾಗ ಆತನ ನೆನಪುಗಳೆಲ್ಲ ಒಮ್ಮೆಗೇ ಎಚ್ಚರಗೊಳ್ಳುತ್ತವೆ. ಮರೆತುಹೋಗಿದ್ದ ದನಿಗಳು ಕಿವಿಗೆ ಬೀಳುತ್ತವೆ. ಇಲ್ಲದ ಚುಕ್ಕಾಣಿಗನಿಗೆ ಆತನು ಆಜ್ಞೆಗಳನ್ನು ಕೂಗಿ ನೋಡುತ್ತಾನೆ. ತನ್ನ ದನಿ ಬರಿಯ ಬಯಲಿನಲ್ಲಿ ಟೊಳ್ಳಾಗಿ ಕೇಳಿದಾಗ ಅದನ್ನು ಬಿಟ್ಟು ಹಾಡತೊಡಗುತ್ತಾನೆ. ಬಿರುಗಾಳಿಯಲ್ಲಿ ಕೆಲಸ ಹೆಚ್ಚಿದಾಗ ಒಂಟಿತನ ಸರಿಯುತ್ತದೆ. ಗಾಳಿ ತಿಳಿಯಾದೊಡನೆ ಅದು ಮರಳಿ ಬರುತ್ತದೆ. ದಡದಲ್ಲಿ ಬಹುಕಾಲ ನಿಂತವನು ಕಡಲಿಗೆ ಹೋದರೆ ಮೊದಲು ಎದುರಿಸಬೇಕಾದುದು ಕಡಲನ್ನಲ್ಲ, ತನ್ನನ್ನೇ ಎಂಬ ಸತ್ಯವನ್ನು ಇಷ್ಟು ಸರಳವಾಗಿ ಹೇಳಿದ ಪುಟಗಳು ವಿರಳ.

ಕೈಗೆ ಬಂದ ವಿದ್ಯೆ ಮರೆಯಲಿಲ್ಲವೆಂಬುದಕ್ಕೆ ಮುಂದಿನ ಅಧ್ಯಾಯಗಳು ಸಾಕ್ಷಿ. ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು, ಹಾಯಿಗಳನ್ನು ಅದಕ್ಕೆ ಹೊಂದಿಸಿಬಿಟ್ಟರೆ ‘ಸ್ಪ್ರೇ’ ತಾನಾಗಿಯೇ ದಾರಿ ಹಿಡಿದು ಸಾಗುತ್ತಿತ್ತು. ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗಿನ ಸುಮಾರು 2,700 ಮೈಲುಗಳನ್ನು ಆತನು 23 ದಿನಗಳಲ್ಲಿ ದಾಟಿದನು. ಅಷ್ಟರಲ್ಲಿ ಚುಕ್ಕಾಣಿಯ ಬಳಿ ಕಳೆದುದು ಮೂರು ಗಂಟೆಗೆ ಮೀರಲಿಲ್ಲ. ಒಂದು ಡಾಲರಿಗೆ ಕೊಂಡ, ಮುಖವೊಡೆದ ತಗಡಿನ ಗಡಿಯಾರವೇ ಆತನ ಕಾಲಮಾನ! ಇಂತಹ ವಿವರಗಳನ್ನು ಹೇಳುವಲ್ಲಿ ಆತನ ಹಾಸ್ಯವು ನಗುವನ್ನು ಬೇಡುವುದಿಲ್ಲ, ತಾನಾಗಿ ಬರಿಸುತ್ತದೆ. ಸೇಂಟ್ ಹೆಲೀನದಲ್ಲಿ ದೋಣಿಗೇರಿಸಿಕೊಂಡ ಮೇಕೆಯು ನಕ್ಷೆಯನ್ನೇ ತಿಂದುಹಾಕಿದ ಪ್ರಸಂಗವು ಇದಕ್ಕೆ ಉತ್ತಮ ನಿದರ್ಶನ.

ಗುಣಗಳನ್ನು ಹೇಳಿ ದೋಷಗಳನ್ನು ಮುಚ್ಚುವುದು ವಿಮರ್ಶೆಯಲ್ಲ. ಮೆಗೆಲನ್ ಜಲಸಂಧಿಯ ಮೂಲನಿವಾಸಿಗಳನ್ನು ಲೇಖಕನು ಶತ್ರುಗಳೆಂದು ಮಾತ್ರವೇ ಕಾಣುತ್ತಾನೆ. ಅವರ ಬರಿಗಾಲಿಗೆ ಚುಚ್ಚಲೆಂದು ರಾತ್ರಿ ದೋಣಿಯ ಮೇಲೆ ಮೊಳೆಗಳನ್ನು ಹರಡಿದುದನ್ನು ವಿನೋದವಾಗಿ ಬಣ್ಣಿಸುತ್ತಾನೆ. ಆತ್ಮರಕ್ಷಣೆಯ ಉಪಾಯವೆಂದು ಒಪ್ಪಿದರೂ, ತಮ್ಮ ನೆಲವನ್ನು ಪರರಿಗೆ ಕಳೆದುಕೊಳ್ಳುತ್ತಿದ್ದವರ ನೋವನ್ನು ಕುರಿತು ಒಂದು ಮರುಗಿನ ಮಾತಿಲ್ಲ. ತನ್ನ ದುಃಖದಲ್ಲಿ ಮೌನವಾಗಿರುವುದು ಘನತೆ. ಪರರ ದುಃಖಕ್ಕೆ ಕುರುಡಾಗಿರುವುದು ಘನತೆಯಲ್ಲ. ಗ್ರಂಥದ ಉತ್ತರಾರ್ಧದಲ್ಲಿ ಬಂದರುಗಳ ಸನ್ಮಾನಗಳ ವರದಿಯೂ ಮಿತಿಮೀರಿ, ಕಥನದ ಬಿಗಿ ಸಡಿಲುತ್ತದೆ.

1898ರ ಜೂನ್ 27ರಂದು, 46,000 ಮೈಲುಗಳ ಬಳಿಕ, ಸ್ಲೋಕಂ ನ್ಯೂಪೋರ್ಟನ್ನು ಮುಟ್ಟಿದನು. ಮುಂದೆ ಒಂದು ಜಮೀನನ್ನು ಕೊಂಡು ಒಕ್ಕಲುತನಕ್ಕೆ ತೊಡಗಿದನಾದರೂ ನೆಲವು ಆತನನ್ನು ಹಿಡಿದಿಡಲಿಲ್ಲ. ಅದೇ ದೋಣಿಯಲ್ಲಿ ಮತ್ತೆ ಹೊರಟವನು ಹಿಂದಿರುಗಲೇ ಇಲ್ಲ. 1924ರಲ್ಲಿ ಆತನು ಮೃತನೆಂದು ನ್ಯಾಯಸಮ್ಮತವಾಗಿ ಘೋಷಿತವಾಯಿತು. ಈ ಅಂತ್ಯವನ್ನು ತಿಳಿದು ಗ್ರಂಥವನ್ನು ಓದಿದಾಗ ಅದರ ಪ್ರಸನ್ನತೆ ಕುಂದುವುದಿಲ್ಲ, ಗಂಭೀರವಾಗುತ್ತದೆ. ಕಾಲವು ಬೇಡವೆಂದು ತಳ್ಳಿದ ವಿದ್ಯೆಯನ್ನು, ಯಾರ ಅಪ್ಪಣೆಗೂ ಕಾಯದೆ, ಹಲಗೆ ಹಲಗೆಯಾಗಿ ಮತ್ತೆ ಕಟ್ಟಿಕೊಂಡವನ ನಡು ವಯಸ್ಸಿನ ಕಥೆಯಿದು. ಹುಡುಗರ ಸಾಹಸಕಥೆಯೆಂದು ಇದನ್ನು ಕಪಾಟಿನ ಕೆಳಸಾಲಿಗೆ ಸೇರಿಸುವ ಹಿರಿಯರು ತಮ್ಮ ಪಾಲಿನ ಪುಸ್ತಕವನ್ನು ತಾವೇ ಕಳೆದುಕೊಂಡಂತೆ.