ಡೇವ್ ನಿಲ್ಸನ್ ಬಿಟ್ಟು ಹೋದದ್ದು, ಕಟ್ಟಿದ್ದು

ಆಸ್ಟ್ರೇಲಿಯಾ ಅಂದರೆ ನಮಗೆ ಕ್ರಿಕೆಟ್ಟೇ. ಅಲ್ಲೂ ಬೇಸ್‌ಬಾಲ್ ಆಡ್ತಾರೆ ಅಂದ್ರೆ ನನ್ನ ಟೀಮಿನ ಹುಡುಗರು ನಗುತ್ತಾರೆ. ಆದರೆ ಬ್ರಿಸ್ಬೇನ್‌ನಲ್ಲಿ 1969ರಲ್ಲಿ ಹುಟ್ಟಿದ ಡೇವ್ ನಿಲ್ಸನ್ ಅಮೆರಿಕದ ಮಿಲ್ವಾಕೀ ಬ್ರೂವರ್ಸ್ ತಂಡಕ್ಕೆ 1992ರಿಂದ 1999ರವರೆಗೆ ಆಡಿ 105 ಹೋಮ್ ರನ್ ಹೊಡೆದವನು. 1999ರಲ್ಲಿ ಆಲ್-ಸ್ಟಾರ್ ತಂಡಕ್ಕೂ ಆಯ್ಕೆಯಾದ. ಆ ವರ್ಷ ಅವನ ಬ್ಯಾಟಿಂಗ್ ಸರಾಸರಿ .309.

ಅಂಥ ಸೀಸನ್ ಮುಗಿಸಿ, ಮೂವತ್ತರ ಹೊಸ್ತಿಲಲ್ಲಿ, ಅಮೆರಿಕ ಬಿಟ್ಟ. 2000ದ ಸಿಡ್ನಿ ಒಲಿಂಪಿಕ್ಸಿಗೆ ಅಲ್ಲಿನ ಮೇಜರ್ ಲೀಗ್ ತನ್ನ ಮುಖ್ಯ ಆಟಗಾರರನ್ನು ಕಳಿಸುತ್ತಿರಲಿಲ್ಲ. ಇವನಿಗೋ ಊರಲ್ಲಿ ನಡೆಯುವ ಒಲಿಂಪಿಕ್ಸ್ ಆಡಲೇಬೇಕಿತ್ತು. ಅದಕ್ಕೆ ಒಪ್ಪಿದ ಜಪಾನಿನ ಚುನಿಚಿ ಡ್ರ್ಯಾಗನ್ಸ್ ಸೇರಿದ. ಅಲ್ಲಿ ಆಟ ಕೈಹಿಡಿಯಲಿಲ್ಲ. ಸಿಡ್ನಿಯಲ್ಲಿ ಅವನೇನೋ ಚೆನ್ನಾಗಿ ಹೊಡೆದ, ತಂಡ ಮಾತ್ರ ಎಂಟರಲ್ಲಿ ಏಳನೆಯದಾಯ್ತು.

ಬರೀ ಅಂಕಿ ನೋಡುವವರಿಗೆ ಇದು ಬಂಗಾರದಂಥ ಕೆಲಸ ಬಿಟ್ಟು ಕೈಸುಟ್ಟುಕೊಂಡ ಕಥೆ. ನಾನು ಹಾಗೆ ಓದುವುದಿಲ್ಲ. ಹಾಗಂತ ಅವನು ಮಾಡಿದ್ದೆಲ್ಲ ಸರಿ ಅಂತಲೂ ಅಲ್ಲ. 1999ರಲ್ಲಿ ಆಸ್ಟ್ರೇಲಿಯಾದ ಲೀಗನ್ನೇ ಕೊಂಡುಕೊಂಡ. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿಹೋಯ್ತು. ಲೀಗ್ ನಡೆಸುವುದು ಒಬ್ಬನ ದುಡ್ಡು, ಒಬ್ಬನ ಪ್ರೀತಿಯಿಂದ ಆಗುವ ಕೆಲಸ ಅಲ್ಲ. 2010ರಲ್ಲಿ ಹೊಸ ಲೀಗ್ ಶುರುವಾಗಿದ್ದು ಅಮೆರಿಕದ ಮೇಜರ್ ಲೀಗಿನ ದುಡ್ಡು ಜೊತೆಗೆ ನಿಂತಾಗ.

ಆದರೆ ತಂಡ ನಡೆಸುವುದು ಬೇರೆ ವಿದ್ಯೆ. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ಆಫೀಸಿನಲ್ಲಿ ಕೂತವನಲ್ಲ. ಯಾರು ಆಡಬೇಕು, ಚೆಂಡು ಎಸೆಯುವ ಪಿಚರ್‌ನನ್ನು ಯಾವಾಗ ಬದಲಿಸಬೇಕು ಅಂತ ಮೈದಾನದ ಪಕ್ಕದಲ್ಲೇ ನಿಂತು ತೀರ್ಮಾನಿಸುವವನು. ನಿಲ್ಸನ್ ಮೂಲತಃ ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಉಳಿದ ಎಂಟೂ ಜನ ಅವನ ಕಣ್ಣೆದುರೇ ಇರುತ್ತಾರೆ. ಯಾವ ಚೆಂಡು ಎಸೆಯಬೇಕು ಅಂತ ಪಿಚರ್‌ಗೆ ಸನ್ನೆ ಮಾಡುವವನೂ ಅವನೇ. ನಮ್ಮ ಐಟಿ ಕಂಪನಿಗಳಲ್ಲಿ ಚೆನ್ನಾಗಿ ಕೋಡ್ ಬರೆಯುವವನನ್ನು ಹಿಡಿದು ಮ್ಯಾನೇಜರ್ ಮಾಡುತ್ತಾರಲ್ಲ, ಆಮೇಲೆ ಕೋಡೂ ಹೋಯ್ತು, ಜನರನ್ನು ನೋಡಿಕೊಳ್ಳುವುದೂ ಬರಲಿಲ್ಲ ಅಂತಾಗುತ್ತದಲ್ಲ, ಇದು ಹಾಗಲ್ಲ. ಹೊಡೆದ ಹೋಮ್ ರನ್ನುಗಳಿಗಿಂತ ಕುಕ್ಕರಗಾಲಲ್ಲಿ ಕೂತು ಆಟ ನೋಡಿದ ವರ್ಷಗಳೇ ಅವನಿಗೆ ಮುಂದೆ ಕೆಲಸಕ್ಕೆ ಬಂದವು ಅಂತ ನನ್ನ ಅನಿಸಿಕೆ.

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅವನಿದ್ದ ತಂಡ ಜಪಾನನ್ನು 1-0 ಸೋಲಿಸಿ ಬೆಳ್ಳಿ ಗೆದ್ದಿತು. ಮುಂದೆ ಅವನ ಕೈಕೆಳಗೆ ಬ್ರಿಸ್ಬೇನ್ ಬ್ಯಾಂಡಿಟ್ಸ್ 2016ರಿಂದ 2019ರವರೆಗೆ ಸತತ ನಾಲ್ಕು ಸಲ ಚಾಂಪಿಯನ್. 2023ರ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ಗೆ ಅವನು ಟೋಕಿಯೊಕ್ಕೆ ಕರೆದೊಯ್ದ ರಾಷ್ಟ್ರೀಯ ತಂಡದಲ್ಲಿ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವರೂ ಇದ್ದರು. ಅಗ್ನಿಶಾಮಕ ದಳದವನೊಬ್ಬ ಸಹ. ಅವರು ದಕ್ಷಿಣ ಕೊರಿಯಾವನ್ನು 8-7 ಮಣಿಸಿದರು. ಎರಡನೇ ಬೇಸ್ ತಲುಪಿದ ಕೊರಿಯಾದವನೊಬ್ಬ ಖುಷಿಯಲ್ಲಿ ಕಾಲೆತ್ತಿದ. ಪಕ್ಕದಲ್ಲಿದ್ದ ಆಸ್ಟ್ರೇಲಿಯಾದವನು ಆ ಗಳಿಗೆಯಲ್ಲೇ ಚೆಂಡು ತಾಗಿಸಿ ಔಟ್ ಮಾಡಿದ! ಆ ಚುರುಕಿನ ಶ್ರೇಯ ಆಟಗಾರನದ್ದೇ. ಆದರೆ ಕೊನೆವರೆಗೂ ಆಟದ ಮೇಲೆ ಕಣ್ಣಿಟ್ಟಿರುವಂಥ ತಂಡ ತಾನಾಗಿ ಆಗುವುದಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಕ್ಯೂಬಾ ಎದುರು ಸೋತದ್ದು ಒಂದೇ ರನ್ನಿಂದ, 4-3.

ಅಮೆರಿಕದಲ್ಲೇ ಇದ್ದಿದ್ದರೆ ಇನ್ನಷ್ಟು ಹೋಮ್ ರನ್, ಇನ್ನಷ್ಟು ಡಾಲರ್ ಸಿಗುತ್ತಿತ್ತು, ನಿಜ. ಅವನ ವೃತ್ತಿಜೀವನವನ್ನು ಅಳೆಯುವವರು 1999ಕ್ಕೆ ಪುಸ್ತಕ ಮುಚ್ಚಬಾರದು ಅನ್ನುವುದಷ್ಟೇ ನನ್ನ ತಕರಾರು.