ಗಿಡ್ಡ ಆಡು, ಗಟ್ಟಿ ಹಾಲು

ನೈಜೀರಿಯನ್ ಡ್ವಾರ್ಫ್ ತಳಿಯ ಹೆಣ್ಣಾಡು ಭುಜದ ಬಳಿ 22.5 ಇಂಚು ದಾಟುವಂತಿಲ್ಲ. ದಾಟಿದರೆ ಅಮೆರಿಕದ ಪ್ರದರ್ಶನ ಕಣದಲ್ಲಿ ಅದಕ್ಕೆ ಗೆಲುವಿಲ್ಲ. ಪಶ್ಚಿಮ ಆಫ್ರಿಕಾ ಮೂಲದ ಈ ಪುಟ್ಟ ಪ್ರಾಣಿಯನ್ನು ಅಮೆರಿಕನ್ ಡೇರಿ ಗೋಟ್ ಅಸೋಸಿಯೇಷನ್ ಹೈನಿನ ತಳಿಯೆಂದು ಒಪ್ಪಿಕೊಂಡದ್ದು 2005ರಲ್ಲಿ.

ದಿನಕ್ಕೆ ಒಂದೆರಡು ಲೀಟರ್ ಹಾಲು, ಅಷ್ಟೇ. ಆದರೆ ಆ ಹಾಲಿನ ಕೊಬ್ಬು ಶೇ 6ರ ಆಸುಪಾಸು. ಎತ್ತರದ ಸಾನೆನ್ ತಳಿಯ ಆಡಿನದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಮನೆಯಲ್ಲೇ ಚೀಸ್ ಮಾಡುವವರಿಗೆ ಇದಕ್ಕಿಂತ ಬೇರೇನು ಬೇಕು?

ಪ್ರದರ್ಶನಕ್ಕೆ ಮುಂಚಿನ ದಿನಗಳಲ್ಲಿ ಕೊಟ್ಟಿಗೆಗೆ ಬಿಡುವಿಲ್ಲ. ಮೈಕೂದಲನ್ನು ಮೆಷಿನ್ನಿನಿಂದ ಸಣ್ಣಗೆ ಕತ್ತರಿಸಬೇಕು, ಗೊರಸು ಸಮ ಮಾಡಬೇಕು. ನಿಜವಾದ ಜಾಣತನವಿರುವುದು ಹಿಂದಿನ ರಾತ್ರಿಯ ಕರಾವಿನ ಹೊತ್ತನ್ನು ಗೊತ್ತುಮಾಡುವುದರಲ್ಲಿ. ಕಣಕ್ಕಿಳಿಯುವಾಗ ಕೆಚ್ಚಲು ತುಂಬಿರಬೇಕು, ಆಡಿಗೆ ನೋವಾಗುವಷ್ಟು ಬಿಗಿಯಬಾರದು. ತೀರ್ಪುಗಾರರು ಬಗ್ಗಿ, ಕೆಚ್ಚಲನ್ನು ಕೈಯಿಂದ ಮುಟ್ಟಿ, ಅದು ಹೊಟ್ಟೆಗೆ ಹೇಗೆ ಅಂಟಿಕೊಂಡಿದೆ ಎಂದು ನೋಡುತ್ತಾರೆ. ಹಾಲು ಕೊಡುವ ಆಡಿನ 100 ಅಂಕಗಳಲ್ಲಿ 35 ಕೆಚ್ಚಲಿಗೇ ಮೀಸಲು. ಬಣ್ಣಕ್ಕೆ ಅಂಕವಿಲ್ಲ, ಇದು ಮೆಚ್ಚಬೇಕಾದ ನಿಯಮ.

ಮಕ್ಕಳಿಗೂ ಇಲ್ಲಿ ಪಾಲುಂಟು. ಫೋರ್-ಎಚ್ ಎಂಬ ಯುವಜನ ಸಂಘಟನೆಯ ಮಕ್ಕಳು ಬಿಳಿ ಬಟ್ಟೆ ತೊಟ್ಟು ಆಡು ನಡೆಸುವ ಸ್ಪರ್ಧೆಯಲ್ಲಿ ಅಂಕ ಆಡಿಗಲ್ಲ, ನಡೆಸುವ ಮಗುವಿಗೆ. ತೀರ್ಪುಗಾರರು ಎತ್ತ ಸರಿದರೂ ಆಡು ತಮ್ಮಿಬ್ಬರ ನಡುವೆ ಇರುವಂತೆ ಮಗು ಜಾಗ ಬದಲಿಸುತ್ತಲೇ ಇರಬೇಕು.

ಕೆಲವು ಕುಟುಂಬಗಳು ರಿಬ್ಬನ್ನಿಗೇ ನಿಲ್ಲುವುದಿಲ್ಲ. ಹಾಲನ್ನು ತೂಗಿ ಬರೆದಿಡುತ್ತವೆ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತವೆ. ಯಾವ ಹೋತದ ಮರಿ ಬೇಕೆಂಬುದು ತೀರ್ಮಾನವಾಗುವುದು ತೂಕದ ಲೆಕ್ಕ, ಪ್ರಯೋಗಾಲಯದ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ.